ದೀಪ ಆರಿಸಿ ಓದಿದ ದೃಶ್ಯ

ಇಂದು ಎಂ.ಎ. ತರಗತಿಯಲ್ಲಿ ಹದಿನೇಳನೆಯ ಶತಮಾನದ ಇಂಗ್ಲಿಷ್ ನಾಟಕಕಾರ ಜಾನ್ ವೆಬ್‌ಸ್ಟರ್‌ನ ‘ದಿ ಡಚೆಸ್ ಆಫ್ ಮಾಲ್ಫಿ’ ನಾಟಕದ ನಾಲ್ಕನೆಯ ಅಂಕದ ಮೊದಲ ದೃಶ್ಯದ ಅರ್ಧಭಾಗವನ್ನು ಎರಡು ಸಲ ಓದಿದೆವು. ತನ್ನ ಅವಳಿ ಸಹೋದರಿಯಾದ ಡಚೆಸ್‌ಳ ಮುಖವನ್ನು ಇನ್ನೆಂದೂ ನೋಡುವುದಿಲ್ಲವೆಂದು ಆಣೆಯಿಟ್ಟಿದ್ದ ಫರ್ಡಿನೆಂಡ್, ದೀಪಗಳನ್ನು ತೆಗೆಸಿ ಕತ್ತಲಲ್ಲಿ ಬಂದು, ರಾಜಿಯ ನೆಪದಲ್ಲಿ ಆಕೆಗೆ ಹೆಣದ ಕೈಯೊಂದನ್ನು ಕೊಡುತ್ತಾನೆ. ಅದು ಅಣ್ಣನದೇ ಕೈಯೆಂದು ನಂಬಿದ ಆಕೆ, ಇಷ್ಟು ತಣ್ಣಗಿರುವೆಯಲ್ಲ, ಪ್ರಯಾಣದಿಂದ ಮೈ ಸರಿಯಿಲ್ಲವೇನೋ ಎಂದು ಕಳವಳಪಡುತ್ತಾಳೆ.

ಟ್ಯೂಬ್‌ಲೈಟಿನ ಬೆಳಕಿನಲ್ಲಿ ಓದಿದಾಗ ಹಿಂದಿನ ಬೆಂಚಿನವರು ನಕ್ಕರು. ಆಮೇಲೆ ಕಿಟಕಿ ಮುಚ್ಚಿ, ದೀಪ ಆರಿಸಿ, ಒಂದೇ ಮೊಬೈಲಿನ ಬೆಳಕಿನಲ್ಲಿ ಓದಿಸಿದೆ. ಯಾರೋ ಕರವಸ್ತ್ರದಲ್ಲಿ ಸುತ್ತಿದ ತಣ್ಣನೆಯ ಸ್ಟೀಲ್ ಬಾಟಲಿಯನ್ನು ಡಚೆಸ್ ಪಾತ್ರ ಓದುತ್ತಿದ್ದವಳ ಕೈಗಿಟ್ಟರು (ಈ ಉಪಾಯ ನನ್ನದಲ್ಲ). ಆಕೆಯ ದನಿ ನಿಜಕ್ಕೂ ನಡುಗಿತು.

1623ರ ಮುದ್ರಿತ ಪ್ರತಿಯ ಪ್ರಕಾರ ನಾಟಕವು ಲಂಡನ್ನಿನ ಬ್ಲ್ಯಾಕ್‌ಫ್ರೈಯರ್ಸ್ ಮತ್ತು ಗ್ಲೋಬ್ ಎರಡೂ ರಂಗಮಂದಿರಗಳಲ್ಲಿ ನಡೆದಿತ್ತು. ಮೊದಲನೆಯದು ಸೂರಿನಡಿಯ, ಮೇಣದಬತ್ತಿಗಳ ಮಂದ ಬೆಳಕಿನದು. ಎರಡನೆಯದು ಬಯಲಿಗೆ ತೆರೆದದ್ದು, ಅಲ್ಲಿ ಆಟ ನಡೆಯುತ್ತಿದ್ದುದು ಹಗಲಿನಲ್ಲಿ. ಹಾಗಾದರೆ ಗ್ಲೋಬಿನ ಪ್ರೇಕ್ಷಕರಿಗೆ ಆ ಕೈ ಮೊದಲೇ ಸ್ಪಷ್ಟವಾಗಿ ಕಾಣುತ್ತಿದ್ದಿರಬೇಕು, ಆಕೆಗೊಬ್ಬಳಿಗೇ ಕಾಣುತ್ತಿರಲಿಲ್ಲ. ಅದೇ ಹೆಚ್ಚು ಭೀಕರವೆಂದು ಒಬ್ಬ ವಿದ್ಯಾರ್ಥಿ ವಾದಿಸಿದ. ನಾನು ಕತ್ತಲಿನ ಪಕ್ಷದವನಾಗಿದ್ದೆ, ಮನೆ ತಲುಪುವಷ್ಟರಲ್ಲಿ ಅವನ ಮಾತೇ ಸರಿಯೆನಿಸತೊಡಗಿತ್ತು. ಇದೇ ದೃಶ್ಯದಲ್ಲಿ ಮುಂದೆ ಬರುವ, ಆಕೆಯ ಗಂಡ-ಮಕ್ಕಳ ಹೆಣಗಳೆಂದು ತೋರಿಸುವ ಮೇಣದ ಬೊಂಬೆಗಳ ಭಾಗ ನಾಳೆಗೆ ಉಳಿದಿದೆ.