28 ದಿನದ ಪರೀಕ್ಷೆ, 300 ವರ್ಷದ ಕೆಲಸ

ಅಣು ವಿದ್ಯುತ್ ಸ್ಥಾವರದ ತ್ಯಾಜ್ಯವನ್ನು ಸಿಮೆಂಟಿನಲ್ಲಿ ಕಲಸಿ ಇಡುತ್ತಾರೆ ಅಂದರೆ ನಮ್ಮ ಬಾಗಲಕೋಟೆ ಕಡೆ ಜನ ಎರಡು ಥರ ಮಾತಾಡುತ್ತಾರೆ. "ಹಂಗಾದ್ರ ಮುಗೀತಲ್ರೀ, ಸಿಮೆಂಟ್ ಒಳಗ ಹೋದ ಮ್ಯಾಲ ಏನ್ ಹೊರಗ ಬರ್ತೈತಿ?" ಅನ್ನುವವರು ಒಂದು ಕಡೆ. "ನಮ್ಮ ಮನಿ ಸ್ಲ್ಯಾಬೇ ಸೋರಾಕತ್ತೈತಿ, ಇದನ್ನೇನ್ ತಡೀತೈತ್ರಿ" ಅನ್ನುವವರು ಇನ್ನೊಂದು ಕಡೆ. ಎರಡೂ ಪೂರ್ತಿ ಸರಿಯಲ್ಲ. ಸಿಮೆಂಟು, ಕಾಂಕ್ರೀಟು ಪರೀಕ್ಷೆ ಮಾಡುವುದೇ ನನ್ನ ಕೆಲಸ. ಕೈಗಾ ನಮ್ಮದೇ ರಾಜ್ಯದಲ್ಲಿದೆ. ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳಿವೆ, ಮೇಲೆ 700 ಮೆಗಾವಾಟಿನ ಇನ್ನೆರಡು ಬರಲಿವೆ. ಹಾಗಾಗಿ ಈ ವಿಷಯವನ್ನು ಸರಿಯಾಗಿ ತಿಳಿದು ಮಾತಾಡಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ಮೊದಲು ಒಂದು ಮಾತು. ಎಲ್ಲ ತ್ಯಾಜ್ಯವೂ ಸಿಮೆಂಟಿಗೆ ಹೋಗುವುದಿಲ್ಲ. ಬಳಸಿದ ಇಂಧನವನ್ನು ಸಂಸ್ಕರಿಸಿದಾಗ ಉಳಿಯುವ ಅತಿ ತೀವ್ರ ದ್ರವವನ್ನು ನಮ್ಮ ದೇಶದಲ್ಲಿ ಬೋರೋಸಿಲಿಕೇಟ್ ಗಾಜಿನೊಳಗೆ ಕರಗಿಸುತ್ತಾರೆ. ಟ್ರಾಂಬೆ, ತಾರಾಪುರ, ಕಲ್ಪಾಕಂನಲ್ಲಿ ಅದರ ಘಟಕಗಳಿವೆ. ಸಿಮೆಂಟಿಗೆ ಬರುವುದು ಕಡಿಮೆ ಮತ್ತು ಮಧ್ಯಮ ಮಟ್ಟದ ತ್ಯಾಜ್ಯ. ಅಂದರೆ ಕೆಸರು, ಕುದಿಸಿ ಗಟ್ಟಿ ಮಾಡಿದ ದ್ರವ, ಹಳೆಯ ಫಿಲ್ಟರ್, ಅಂಥವು. ಇದನ್ನು ಸಿಮೆಂಟಿನ ಜೊತೆ ಕಲಸಿ, ಸಾಮಾನ್ಯವಾಗಿ 200 ಲೀಟರ್ ಡ್ರಮ್ಮಿನಲ್ಲಿ ಗಟ್ಟಿಯಾಗಲು ಬಿಟ್ಟು, ಕಾಂಕ್ರೀಟಿನ ಕಂದಕಗಳಲ್ಲಿ ಇಡುತ್ತಾರೆ. ನಮ್ಮಲ್ಲಿ ಇಂಥ ಕಂದಕಗಳು ಸ್ಥಾವರದ ಪಕ್ಕದಲ್ಲೇ, ನೆಲದ ಮೇಲ್ಭಾಗಕ್ಕೆ ಹತ್ತಿರದಲ್ಲೇ ಇರುತ್ತವೆ.

ಸಿಮೆಂಟು ಇಲ್ಲಿ ಬರೀ ಗೋಡೆ ಅಲ್ಲ. ಅದರ ತೂಕ ವಿಕಿರಣವನ್ನು ತಡೆಯುತ್ತದೆ, ನಿಜ. ಆದರೆ ನನಗೆ ದೊಡ್ಡದಾಗಿ ಕಾಣುವುದು ಅದರೊಳಗಿನ ಕ್ಷಾರ. ಗಟ್ಟಿಯಾದ ಸಿಮೆಂಟಿನ ಸಣ್ಣ ಸಣ್ಣ ರಂಧ್ರಗಳಲ್ಲಿ ನಿಂತ ನೀರಿನ ಪಿಎಚ್ (ಕ್ಷಾರ ಎಷ್ಟಿದೆ ಅನ್ನುವ ಅಳತೆ, ಶುದ್ಧ ನೀರಿಗೆ 7) 12.5ಕ್ಕೂ ಮೇಲೆ ಇರುತ್ತದೆ. ಅಷ್ಟು ಕ್ಷಾರದಲ್ಲಿ, ತ್ಯಾಜ್ಯದಲ್ಲಿ ವಿಕಿರಣ ಸೂಸುವ ಪ್ಲುಟೋನಿಯಂ, ಕೋಬಾಲ್ಟ್‌ನಂಥ ಲೋಹಗಳು ಬಹಳ ಕಡಿಮೆ ಕರಗುತ್ತವೆ, ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತವೆ. ಸ್ಟ್ರಾನ್ಷಿಯಂ ಗುಣದಲ್ಲಿ ಕ್ಯಾಲ್ಸಿಯಂಗೆ ಹತ್ತಿರ. ಸಿಮೆಂಟಿಗೆ ಗಟ್ಟಿತನ ಕೊಡುವ ಕ್ಯಾಲ್ಸಿಯಂ ಸಿಲಿಕೇಟ್ ಹೈಡ್ರೇಟಿನಲ್ಲಿ ಅದೂ ಸ್ವಲ್ಪ ಮಟ್ಟಿಗೆ ಜಾಗ ಹಿಡಿಯುತ್ತದೆ. ತೊಂದರೆ ಕೊಡುವುದು ಸೀಸಿಯಂ. ಅದು ಸೋಡಿಯಂ, ಪೊಟ್ಯಾಸಿಯಂ ಕುಲದ್ದು. ಎಷ್ಟೇ ಕ್ಷಾರ ಇರಲಿ, ಕರಗಿಯೇ ಇರುತ್ತದೆ. ನೀರು ಓಡಾಡಿದರೆ ಅದರ ಜೊತೆ ಹೊರಟೇ ಬಿಡುತ್ತದೆ. ಅದಕ್ಕೆ ಸಿಮೆಂಟಿನ ಜೊತೆ ಸೀಸಿಯಂ ಹಿಡಿಯುವ ಖನಿಜಗಳನ್ನು ಸೇರಿಸುತ್ತಾರೆ: ವರ್ಮಿಕ್ಯುಲೈಟ್, ಜಿಯೋಲೈಟ್, ಬೆಂಟೊನೈಟ್. ಬೆಂಟೊನೈಟಿನ ಮುಖ್ಯ ಭಾಗ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ. ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಉಬ್ಬುವ ನಮ್ಮ ಎರೆ ಮಣ್ಣಿನಲ್ಲೂ ಅದೇ ಜೇಡಿ ಇದೆ. ಅಡಿಪಾಯ ಹಾಕುವಾಗ ನಾವು ಬೈದು ತೆಗೆಸುವ ಜೇಡಿಯೇ ಅಲ್ಲಿ ಬೇಕಾಗಿರುವುದು. ಆದರೆ ಜಾಸ್ತಿ ಹಾಕಿದರೆ ಅದೇ ನೀರು ಕುಡಿದು ಸಿಮೆಂಟಿನ ಬಲ ಇಳಿಸುತ್ತದೆ, ಅಳತೆ ಬೇಕೇ ಬೇಕು.

ಆ ಅಳತೆಯೇ ಇಲ್ಲಿ ಮುಖ್ಯ. ಮುಧೋಳ, ಜಮಖಂಡಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮಾಡಿದ ಗೌಂಡಿಗಳನ್ನು ಕೇಳಿ, ಕಾಂಕ್ರೀಟಿನಲ್ಲಿ ಚೂರು ಸಕ್ಕರೆ ಬಿದ್ದರೂ ಹೇಗೆ ಗಟ್ಟಿಯಾಗದೆ ಸತಾಯಿಸುತ್ತದೆ ಅಂತ ಹೇಳುತ್ತಾರೆ. ಅಣು ತ್ಯಾಜ್ಯದಲ್ಲೂ ಅಂಥ ವಸ್ತುಗಳಿವೆ. ಬೋರೇಟ್ ಇದ್ದರೆ ಸಿಮೆಂಟು ಬೇಗ ಹಿಡಿಯುವುದಿಲ್ಲ, ಸುಣ್ಣ ಸೇರಿಸಿ ಸರಿ ಮಾಡಬೇಕಾಗುತ್ತದೆ. ನೀರು ಶುದ್ಧ ಮಾಡಲು ಬಳಸಿದ ರೆಸಿನ್ ಮಣಿಗಳು ತೇವ ಹೀರಿ ಉಬ್ಬುತ್ತವೆ, ಜಾಸ್ತಿ ತುಂಬಿದರೆ ಇಡೀ ದಿಮ್ಮಿ ಬಿರಿಯುತ್ತದೆ. ಸಲ್ಫೇಟ್ ಜಾಸ್ತಿ ಇದ್ದರೆ ಗಟ್ಟಿಯಾದ ಮೇಲೂ ಒಳಗೆ ಹರಳು ಬೆಳೆದು ಒಡೆಯಬಹುದು. ಒಂದೇ ಸಲ ದೊಡ್ಡ ಗಾತ್ರ ಸುರಿದರೆ ಸಿಮೆಂಟಿನ ಸ್ವಂತ ಬಿಸಿಯೇ ಸೀಳು ತರುತ್ತದೆ. ಅಂದ ಮೇಲೆ "ಸಿಮೆಂಟಿನಲ್ಲಿ ಹಾಕಿದ್ದೇವೆ" ಅಂದರೆ ಸಾಲದು. ಯಾವ ತ್ಯಾಜ್ಯ, ಯಾವ ಮಿಶ್ರಣ ಅಂತ ಕೇಳಲೇಬೇಕು, ಅಲ್ವಾ?

ಅಮೆರಿಕದ ಅಣು ಕೇಂದ್ರ ಸವಾನಾ ರಿವರ್‌ನಲ್ಲಿ 1990ರಿಂದ ಸಾಲ್ಟ್‌ಸ್ಟೋನ್ ಅಂತ ತ್ಯಾಜ್ಯ ಕಲಸುವ ಒಂದು ಮಿಶ್ರಣ ಮಾಡುತ್ತಿದ್ದಾರೆ. ಅದರ ಒಣ ಪುಡಿಯಲ್ಲಿ ಬಹುಕಾಲ ಸಿಮೆಂಟು ಇದ್ದದ್ದು ಸುಮಾರು ಹತ್ತನೇ ಒಂದು ಭಾಗ ಅಷ್ಟೇ. ಉಳಿದದ್ದು ಉಕ್ಕಿನ ಕಾರ್ಖಾನೆಯಲ್ಲಿ ಕಬ್ಬಿಣ ಕರಗಿಸಿದಾಗ ಉಳಿಯುವ ಸ್ಲ್ಯಾಗ್ ಮತ್ತು ಕಲ್ಲಿದ್ದಲು ಸುಟ್ಟ ಹಾರುಬೂದಿ. ನಮಗೆ ಇವೆರಡೂ ಹೊಸದಲ್ಲ, ತೋರಣಗಲ್ಲಿನ ಸ್ಲ್ಯಾಗ್ ಗೊತ್ತು, ಕೂಡಗಿಯ ಬೂದಿ ಗೊತ್ತು. ಸ್ಲ್ಯಾಗ್ ಹಾಕುವುದು ಬರೀ ದುಡ್ಡು ಉಳಿಸಲಿಕ್ಕಲ್ಲ. ತ್ಯಾಜ್ಯದಲ್ಲಿರುವ ಟೆಕ್ನೀಷಿಯಂ-99ರ ಅರ್ಧಾಯು, ಅಂದರೆ ಅದು ಅರ್ಧ ಆಗಲು ಬೇಕಾದ ಕಾಲ, ಎರಡು ಲಕ್ಷ ವರ್ಷಕ್ಕೂ ಜಾಸ್ತಿ, ಗಾಳಿ ಆಡುವ ನೀರಿನಲ್ಲಿ ಅದು ಸುಲಭವಾಗಿ ಹರಿದು ಹೋಗುತ್ತದೆ. ಸ್ಲ್ಯಾಗಿನಲ್ಲಿರುವ ಗಂಧಕ ಅದರ ರೂಪ ಬದಲಿಸಿ ಕರಗದ ಹಾಗೆ ಮಾಡುತ್ತದೆ. ಗಾಳಿ ಒಳಗೆ ಹೋಗದಿರುವವರೆಗೆ ಮಾತ್ರ, ಇದನ್ನು ಮರೆಯಬಾರದು.

ತಳ ಬಿಟ್ಟು ಮೇಲೆ ಮಾತ್ರ ಮುಚ್ಚಿದರೆ ಏನಾಗುತ್ತದೆ ಅನ್ನುವುದಕ್ಕೆ ಮಾರ್ಷಲ್ ದ್ವೀಪಗಳ ರುನಿಟ್ ಗುಮ್ಮಟ ನೋಡಿ. ಅಮೆರಿಕದವರ 1958ರ ಅಣುಬಾಂಬ್ ಪರೀಕ್ಷೆಯ ಗುಂಡಿಗೆ ಪ್ಲುಟೋನಿಯಂ ಸೇರಿದ ಮಣ್ಣು, ಅವಶೇಷ ತುಂಬಿ ಮೇಲೆ ಸುಮಾರು 45 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಹೊದಿಸಿದರು. ಕೆಲಸ 1980ರಲ್ಲಿ ಮುಗಿಯಿತು. ತಳಕ್ಕೆ ಏನೂ ಹಾಕಲಿಲ್ಲ. ಸಮುದ್ರದ ಉಬ್ಬರ ಇಳಿತಕ್ಕೆ ಅಡಿಯ ನೀರು ಇವತ್ತಿಗೂ ಏರಿಳಿಯುತ್ತದೆ, ಮೇಲೆ ಬಿರುಕುಗಳಿವೆ. ಅಲ್ಲಿನ ಜನರ ನೆಲದಲ್ಲಿ ಬೇರೆಯವರು ಮಾಡಿ ಹೋದ ಕೆಲಸ ಇದು, ಓದಿದಾಗಲೆಲ್ಲ ಸಿಟ್ಟು ಬರುತ್ತದೆ.

ಇನ್ನು ಕಾಲದ ಲೆಕ್ಕ. ಸೀಸಿಯಂ-137 ಸುಮಾರು 30 ವರ್ಷಕ್ಕೆ ಅರ್ಧ ಆಗುತ್ತದೆ, ಸ್ಟ್ರಾನ್ಷಿಯಂ-90 ಕೂಡ ಹೆಚ್ಚು ಕಡಿಮೆ ಅಷ್ಟೇ. ಹತ್ತು ಸಲ ಅರ್ಧ ಆದರೆ ಸಾವಿರದಲ್ಲಿ ಒಂದು ಭಾಗ ಉಳಿಯುತ್ತದೆ. ಅದಕ್ಕೇ ಇಂಥ ಜಾಗಗಳನ್ನು 300 ವರ್ಷ ಕಾಯಬೇಕು ಅನ್ನುವುದು. ಪ್ಲುಟೋನಿಯಂ-239ಕ್ಕೆ ಅರ್ಧ ಆಗಲು 24 ಸಾವಿರ ವರ್ಷ ಬೇಕು. ಅದು ಜಾಸ್ತಿ ಇರುವ ತ್ಯಾಜ್ಯವನ್ನು ನೆಲಕ್ಕೆ ಹತ್ತಿರದ ಸಿಮೆಂಟಿನಲ್ಲಿಟ್ಟು ಕೈತೊಳೆದುಕೊಳ್ಳುವುದು ನನ್ನ ಮಟ್ಟಿಗೆ ತಪ್ಪು, ಅದು ಭೂಮಿಯ ಆಳಕ್ಕೇ ಹೋಗಬೇಕು. ಆದರೆ 300 ವರ್ಷದ ಕೆಲಸಕ್ಕೆ ಸಿಮೆಂಟು ಸಾಲುತ್ತದೆ ಅಂತ ನಾನು ನಂಬುತ್ತೇನೆ, ಮಿಶ್ರಣ ಸರಿ ಇದ್ದು ನೀರು ದೂರ ಇದ್ದರೆ. ವಿಜಯಪುರದ ಗೋಲಗುಮ್ಮಟ 1656ರದು. ಸುಣ್ಣದ ಗಚ್ಚಿನ ಮೇಲೆ ನಿಂತಿದೆ. ಅದರಲ್ಲಿ ಕಬ್ಬಿಣದ ಸರಳಿನ ಕಾಟ ಇಲ್ಲ. ನಮ್ಮ ಕಾಂಕ್ರೀಟಿನಲ್ಲಿ ಗಾಳಿಯ ಇಂಗಾಲದ ಡೈಆಕ್ಸೈಡ್ ನಿಧಾನಕ್ಕೆ ಕ್ಷಾರ ಇಳಿಸುತ್ತದೆ, ಆಮೇಲೆ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನೇ ಸಿಡಿಸುತ್ತದೆ.

ಗೋಲಗುಮ್ಮಟದ ಬಗ್ಗೆ ಯೋಚಿಸಿದರೆ ಇನ್ನೊಂದು ವಿಷಯ ಕಾಡುತ್ತದೆ. ಕಟ್ಟಡ ನಿಂತಿತು, ಕಟ್ಟಿಸಿದ ರಾಜ್ಯ ನಿಲ್ಲಲಿಲ್ಲ. 1686ರಲ್ಲಿ ಆದಿಲಶಾಹಿ ಮುಗಿದೇ ಹೋಯಿತು. ಕೇವಲ 30 ವರ್ಷ, ಸೀಸಿಯಂ ಒಂದು ಸಲ ಅರ್ಧ ಆಗುವಷ್ಟು ಹೊತ್ತು! ಆಮೇಲೆ ಮೊಘಲರು, ನಿಜಾಮ, ಪೇಶ್ವೆ, ಬ್ರಿಟಿಷರು, ಮುಂಬಯಿ, ಮೈಸೂರು, ಕರ್ನಾಟಕ. ಇಷ್ಟು ಕೈ ಬದಲಾಗುವಾಗ ಯಾವ ಕಂದಕದಲ್ಲಿ ಏನಿದೆ ಅನ್ನುವ ದಾಖಲೆಯನ್ನು ಯಾರು ಇಟ್ಟುಕೊಳ್ಳುತ್ತಾರೆ? ಸಿಮೆಂಟಿಗಿಂತ ಈ ಪ್ರಶ್ನೆಯೇ ನನಗೆ ಕಷ್ಟದ್ದು.

ನಾವು ಕ್ಯೂಬ್ ಮಾಡಿ, ನೀರಲ್ಲಿಟ್ಟು, 28 ದಿನಕ್ಕೆ ಒಡೆದು ಬಲ ಬರೆದುಕೊಳ್ಳುವವರು. ಈ ಕೆಲಸಕ್ಕೆ ಅದು ಆರಂಭ ಅಷ್ಟೇ. ತುಣುಕನ್ನು ನೀರಿನಲ್ಲಿ ಮುಳುಗಿಸಿಟ್ಟು, ನೀರು ಬದಲಿಸುತ್ತ, ಎಷ್ಟು ಸೀಸಿಯಂ ಹೊರಬಂತು ಅಂತ ಅಳೆಯುವ ಲೀಚ್ ಟೆಸ್ಟ್ ಬೇರೆಯೇ ಇದೆ. ಕಂದಕದ ಸುತ್ತ ಕೊಳವೆ ಬಾವಿ ತೋಡಿ ಅಂತರ್ಜಲವನ್ನು ನೋಡುತ್ತಲೇ ಇರಬೇಕು. ಕೈಗಾ ಸುತ್ತಲಿನ ಹಳ್ಳಿಯವರಿಗೆ ಈ ಎರಡೂ ಅಂಕಿಗಳು ಕನ್ನಡದಲ್ಲಿ, ವರ್ಷ ವರ್ಷವೂ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಸಿಗುವಂತಾಗಬೇಕು. ಕಾಗದದ ಒಂದು ಪ್ರತಿ ಜಿಲ್ಲಾ ಕಚೇರಿಯಲ್ಲಿ, ಇನ್ನೊಂದು ರಾಜ್ಯ ಪತ್ರಾಗಾರದಲ್ಲಿ ಇರಲಿ. ಕಂಪ್ಯೂಟರಿನಲ್ಲಿ ಮಾತ್ರ ಇಟ್ಟರೆ ನನಗೆ ಧೈರ್ಯ ಬರುವುದಿಲ್ಲ.