ಹೊಲಸು ಇಂಜಿನ್ನು ಮತ್ತು ಹುಬ್ಬಳ್ಳಿ ಮಾವ

“ಇದನ್ನ ಯಾರೂ ನೋಡೇ ಇಲ್ಲೇನು?”

ಭಾನುವಾರದಿಂದ ಈ ಮಾತು ತಲೆಯಲ್ಲಿ ಸುತ್ತುತ್ತಲೇ ಇದೆ. ಹೇಳಿದವರು ನನ್ನ ಹೆಂಡತಿಯ ಸೋದರಮಾವ. ಹುಬ್ಬಳ್ಳಿ ಡೀಸೆಲ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದು ರಿಟೈರ್ ಆದವರು. ಯಾರದೋ ಮದುವೆಗೆ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಉಳಿದಿದ್ದರು. ಚಹಾ ಕೊಟ್ಟು, ಜೊತೆಗೆ ನನ್ನ ಫೋನನ್ನೂ ಕೈಗಿಟ್ಟೆ. ಅದರಲ್ಲಿ ಒಂದು ಫೋಟೊ. ಗೂಡ್ಸ್ ರೈಲು ಎಳೆಯುವ ಡಬ್ಲ್ಯುಡಿಜಿ-4 ಡೀಸೆಲ್ ಇಂಜಿನ್ನು, ಹಿಂದೆ ಅದಿರಿನ ವ್ಯಾಗನ್‌ಗಳು, ಸುತ್ತ ಕೆಂಪು ನೆಲ. ಅದು ನಾನೇ ಹವ್ಯಾಸಕ್ಕೆ ಮಾಡಿದ ಪುಟ್ಟ ಮಾಡೆಲ್ ರೈಲು ಅಂತ ಬೇಕೆಂದೇ ಹೇಳಲಿಲ್ಲ.

ಮಾವ ಕನ್ನಡಕ ಹಾಕಿಕೊಂಡರು. “ಎಲ್ಲಿ ನಿಂತೈತಿ ಇದು? ತೋರಣಗಲ್ಲೇನು?” ಅಂದರು. ನನಗೆ ಒಳಗೊಳಗೇ ಖುಷಿ. ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಶಸ್ತಿ ಇಲ್ಲ. ಆಮೇಲೆ ಎರಡು ಬೆರಳಲ್ಲಿ ಫೋಟೊ ದೊಡ್ಡದು ಮಾಡಿದರು. ಇಂಜಿನ್ನಿನ ಪಕ್ಕದ ಬಾಗಿಲಿನ ಕೆಳಗೆ ಹರಿದಿದ್ದ ಎಣ್ಣೆಯ ಗೆರೆಯ ಮೇಲೆ ಬೆರಳಿಟ್ಟು ಆ ಮಾತು ಹೇಳಿದರು. ದನಿಯಲ್ಲಿ ಮೆಚ್ಚುಗೆ ಇರಲಿಲ್ಲ. ಬೇಜಾರಿತ್ತು.

ಆ ಗೆರೆ ನನ್ನ ಪ್ರೀತಿಯ ಗೆರೆ. ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದು ಆಯಿಲ್ ಪೇಂಟಿನ ಒಂದು ಚುಕ್ಕಿ ಇಟ್ಟು, ಟರ್ಪೆಂಟೈನ್‌ನಲ್ಲಿ ಅದ್ದಿ ಒರೆಸಿದ ಚಪ್ಪಟೆ ಬ್ರಷ್‌ನಲ್ಲಿ ಮೇಲಿಂದ ಕೆಳಕ್ಕೆ ಒಂದೇ ಸಲ ಎಳೆಯಬೇಕು. ಮಳೆಯ ಕಲೆಯಾಗಲಿ, ತುಕ್ಕಿನ ಕಲೆಯಾಗಲಿ, ಎಣ್ಣೆಯಾಗಲಿ, ಎಲ್ಲ ಕೆಳಕ್ಕೇ ಇಳಿಯುತ್ತದೆ. ಅಡ್ಡಡ್ಡ ಬ್ರಷ್ ಆಡಿಸಿದರೆ ಆಟಿಕೆ ಅಂತ ತಕ್ಷಣ ಗೊತ್ತಾಗುತ್ತದೆ. ಇಡೀ ಇಂಜಿನ್ನಿಗೆ ಮ್ಯಾಟ್ ವಾರ್ನಿಷ್ ಕೊಟ್ಟು ಹೊಳಪು ಕೊಂದ ಮೇಲೆ, ಆ ಗೆರೆಯ ಮೇಲೆ ಮಾತ್ರ ಚೂರು ಹೊಳಪಿನ ವಾರ್ನಿಷ್ ಸವರಿದ್ದೆ. ಸುತ್ತ ಎಲ್ಲ ಒಣ ಧೂಳು, ನಡುವೆ ಅದೊಂದು ಒದ್ದೆ ಹೊಳಪು. ಫೋಟೊದಲ್ಲಿ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಮಾವನ ಕಣ್ಣೂ ಅಲ್ಲಿಗೇ ಹೋಯಿತು. “ಹಸಿ ಎಣ್ಣಿ ಇದು. ಇವತ್ತು ಸೋರಿದ್ದು. ಹಿಂಗ ಲೈನಿಗೆ ಹೆಂಗ ಬಿಟ್ರು?”

ಆಗ ಹೇಳಿದೆ, “ಮಾವ, ಇದು ನಿಜವಾದ ಇಂಜಿನ್ ಅಲ್ಲ, ನಾನು ಮಾಡಿದ್ದು, ಒಳಗಿನ ರೂಮಲ್ಲಿದೆ.” ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಎದ್ದು ರೂಮಿಗೆ ಬಂದರು. ಬಗ್ಗಿ ನೋಡಿದರು. ಕ್ಯಾಬಿನ ಪಕ್ಕದಲ್ಲಿ ನಾನು ಬರೆದಿದ್ದ ಶೆಡ್ ಕೋಡ್ ಕಂಡಿತು. “ಮಾಡೆಲ್ ಆದ್ರ ಏನಾತು ಅಳಿಯಂದ್ರ? ಯುಬಿಎಲ್ ಅಂತ ಬರದೀರಲ್ಲ!” ಯುಬಿಎಲ್ ಅಂದರೆ ಹುಬ್ಬಳ್ಳಿ. ಅವರ ಶೆಡ್ಡು.

ಮಾವನ ಸ್ವಭಾವ ಸ್ವಲ್ಪ ಹೇಳಬೇಕು. ಒಳ್ಳೆಯವರು, ಆದರೆ ಯಾರ ಮನೆಗೆ ಹೋದರೂ ನಲ್ಲಿ ಸೋರುತ್ತಿದೆಯಾ, ಫ್ಯಾನ್ ಅಲುಗಾಡುತ್ತಿದೆಯಾ ಅಂತ ನೋಡುವವರು. ಮದುವೆ ಊಟದ ಬಗ್ಗೆ ಒಂದು ಮಾತಿಲ್ಲ, ಛತ್ರದ ಜನರೇಟರ್ ಎಷ್ಟು ಹೊಗೆ ಬಿಡುತ್ತಿತ್ತು ಅಂತ ಅರ್ಧ ಗಂಟೆ ಹೇಳಿದರು. ಅಂಥವರ ಎದುರಿಗೆ ಇಂಜಿನ್ ಇಟ್ಟರೆ ಬಿಡುತ್ತಾರಾ?

ಬಿಡಲಿಲ್ಲ. ಚಾವಣಿಯ ಮೇಲೆ ಎಕ್ಸಾಸ್ಟ್ ಸುತ್ತ ನಾನು ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಕಪ್ಪು ಮಸಿ ಕೂರಿಸಿದ್ದೆ. ಬಣ್ಣ ತುಂಬ ತೆಳು ಮಾಡಿ, ದೂರದಿಂದ, ಪದರ ಪದರವಾಗಿ. ಅವರು ನೋಡಿದ್ದೇ, “ಇಷ್ಟು ಮಸಿ ಅಂದ್ರ ಇಂಜೆಕ್ಟರ್ ಸರಿ ಇಲ್ಲ. ಇಲ್ಲಾಂದ್ರ ಟರ್ಬೊ ನೋಡಬೇಕು” ಅಂದರು. ಏರ್ ಫಿಲ್ಟರ್ ಕಟ್ಟಿಕೊಂಡಿರಬಹುದು ಅಂತಲೂ ಸೇರಿಸಿದರು. ಗ್ರಿಲ್‌ಗಳಲ್ಲಿ ಅಷ್ಟು ಚೆನ್ನಾಗಿ ಧೂಳು ತುಂಬಿದ್ದೆನಲ್ಲ, ಅದಕ್ಕೆ. ನಾನು ಕಲೆ ಅಂತ ಮಾಡಿದ್ದೆಲ್ಲ ಅವರಿಗೆ ಕಾಯಿಲೆಯ ಲಕ್ಷಣ. ಹತ್ತೇ ನಿಮಿಷದಲ್ಲಿ ನನ್ನ ಇಂಜಿನ್ನು ಐಸಿಯು ಸೇರಿತು.

ನಾನೂ ಸುಮ್ಮನಿರಲಿಲ್ಲ. ಕಂಪ್ಯೂಟರ್ ತೆಗೆದು, ನೋಡಿ ಬಣ್ಣ ಹಚ್ಚಲಿಕ್ಕೆ ಅಂತ ಕೂಡಿಟ್ಟಿದ್ದ ನಿಜವಾದ ಇಂಜಿನ್ನುಗಳ ಫೋಟೊ ತೋರಿಸಿದೆ. ಇದಕ್ಕಿಂತ ಜಾಸ್ತಿ ಕೊಳೆಯಾದವೂ ಇದ್ದವು. ಅದಕ್ಕೆ ಮಾವ ಏನಂದರು ಗೊತ್ತಾ? “ಫೋಟೊ ತಗಿಯೋರು ಹೊಲಸ ಇದ್ದಾಗಲೇ ಬರ್ತಾರ. ತೊಳದು ನಿಲ್ಲಿಸಿದಾಗ ಒಬ್ಬರೂ ಬರೂದಿಲ್ಲ.”

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಫೋಲ್ಡರಿನಲ್ಲಿ ಹೊಸದಾಗಿ ತೊಳೆದ ಇಂಜಿನ್ನಿನ ಫೋಟೊ ಒಂದೂ ಇಲ್ಲ. ಇಟ್ಟುಕೊಳ್ಳಬೇಕು ಅಂತ ಅನಿಸಿಯೂ ಇಲ್ಲ.

ಮಾವ ಆ ಫೋಟೊ ನೋಡಿ ಮೋಸಹೋದದ್ದು ಹೇಗೆ ಅಂತ ಹೇಳಲೇಬೇಕು, ಯಾಕೆಂದರೆ ಅದರಲ್ಲೂ ಒಂದಷ್ಟು ಕಳ್ಳಾಟ ಇದೆ. ನನ್ನ ಲೇಔಟು, ಅಂದರೆ ಹಳಿ, ನೆಲ, ಮರ ಎಲ್ಲ ಇರುವ ಪುಟ್ಟ ರೈಲು ಲೋಕ, ಎಚ್‌ಒ ಅಳತೆಯದು, ಅಂದರೆ 87ರಲ್ಲಿ ಒಂದು ಪಾಲು. ಇಂಜಿನ್ನಿನ ಉದ್ದ ಸುಮಾರು 24 ಸೆಂಟಿಮೀಟರ್. ಮೈ 3ಡಿ ಪ್ರಿಂಟ್, ಚಾಸಿ ಇಎಂಡಿ ಅನ್ನುವ ಅಮೆರಿಕದ ಇಂಜಿನ್ ಕಂಪನಿಯ ಒಂದು ಇಂಜಿನ್ನಿನ ಮಾಡೆಲ್ಲಿನದು. ಡಬ್ಲ್ಯುಡಿಜಿ-4 ಕೂಡ ಇಎಂಡಿ ಮನೆತನದ್ದೇ. 4000 ಅಶ್ವಶಕ್ತಿಯ ಈ ಇಂಜಿನ್ನುಗಳಲ್ಲಿ ಮೊದಲಿನವು 1999ರಲ್ಲಿ ಇಎಂಡಿಯಿಂದಲೇ ಬಂದು ಹುಬ್ಬಳ್ಳಿ ಸೇರಿದ್ದವು. ಹಾಗಾಗಿ ಬೋಗಿಗಳು, ಅಂದರೆ ಇಂಜಿನ್ನಿನ ಅಡಿಯ ಚಕ್ರದ ಚೌಕಟ್ಟುಗಳು, ಹೆಚ್ಚು ಕಡಿಮೆ ಹೊಂದುತ್ತವೆ. ಹೊಂದದಿರುವುದು ಎರಡು ಹಳಿಗಳ ನಡುವಿನ ಅಂತರ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ಬರುತ್ತದೆ. ಅಂಗಡಿಯಲ್ಲಿ ಸಿಗುವುದು 16.5ರ ಹಳಿ, ಅದು ಯುರೋಪು, ಅಮೆರಿಕದ ಸ್ಟ್ಯಾಂಡರ್ಡ್ ಗೇಜಿನ ಲೆಕ್ಕ. ನೇರ ಎದುರಿನಿಂದ ಫೋಟೊ ತೆಗೆದರೆ ಗುಟ್ಟು ರಟ್ಟು. ಅದಕ್ಕೇ ನಾನು ಯಾವಾಗಲೂ ಓರೆಯಾಗಿ, ಪಕ್ಕದಿಂದ ತೆಗೆಯುವುದು.

ಇನ್ನು ಕ್ಯಾಮೆರಾದ ಎತ್ತರ. ಐದೂವರೆ ಅಡಿ ಎತ್ತರದ ಮನುಷ್ಯ ಈ ಅಳತೆಯಲ್ಲಿ ಎರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ನಿಂತವನ ಕಣ್ಣಿಗೆ ಕಂಡಂತೆ ಬರಬೇಕಾದರೆ ಲೆನ್ಸು ಅಷ್ಟು ಕೆಳಗೆ ಹೋಗಬೇಕು. ಫೋನನ್ನು ತಲೆಕೆಳಗಾಗಿ ಹಿಡಿದರೆ ಲೆನ್ಸು ನೆಲಕ್ಕೆ ತಾಗುತ್ತದೆ, ಕೆಲಸ ಆಗುತ್ತದೆ. ಅಷ್ಟು ಹತ್ತಿರದಲ್ಲಿ ಇಂಜಿನ್ನಿನ ಮೂತಿ ಸ್ಪಷ್ಟವಾಗಿದ್ದರೆ ಬಾಲ ಮಸುಕು. ಅದಕ್ಕೆ ಫೋಕಸ್ ಸ್ವಲ್ಪ ಸ್ವಲ್ಪ ಹಿಂದಕ್ಕೆ ಸರಿಸುತ್ತ ಹಲವು ಫೋಟೊ ತೆಗೆದು, ಆಮೇಲೆ ಸಾಫ್ಟ್‌ವೇರಿನಲ್ಲಿ ಒಂದು ಮಾಡಬೇಕು. ದೀಪ ಒಂದೇ ಇರಬೇಕು. ಆಕಾಶದಲ್ಲಿ ಇರುವುದು ಒಬ್ಬನೇ ಸೂರ್ಯ ಅಲ್ವಾ? ಎರಡು ನೆರಳು ಬಿದ್ದರೆ ಮುಗಿಯಿತು.

ಧೂಳಿನ ವಿಷಯವೇ ತಮಾಷೆಯದು. ಸಂಡೂರಿನ ನಿಜವಾದ ಮಣ್ಣನ್ನೇ ತಂದು ಉದುರಿಸಿದರೆ ಆಯ್ತಲ್ಲ ಅಂತ ತುಂಬ ಜನ ಕೇಳುತ್ತಾರೆ. ಆಗಲ್ಲ. ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ, ಕಾಲು ಮಿಲಿಮೀಟರಿನ ಮರಳ ಕಣ ಈ ಅಳತೆಯಲ್ಲಿ ಎರಡು ಸೆಂಟಿಮೀಟರಿನ ಜಲ್ಲಿಕಲ್ಲು. ಜೊತೆಗೆ ಅದಿರಿನ ಪುಡಿಯಲ್ಲಿ ಕಾಂತಕ್ಕೆ ಅಂಟುವಂಥದ್ದು ಚೂರು ಇದ್ದರೂ ಇಂಜಿನ್ನಿನೊಳಗಿನ ಮೋಟಾರಿನ ಮ್ಯಾಗ್ನೆಟ್ ಎಳೆದುಕೊಳ್ಳುತ್ತದೆ. ಅದಕ್ಕೇ ಸಾಫ್ಟ್ ಪೇಸ್ಟಲ್ ಚಾಕನ್ನು ಬ್ಲೇಡಿನಲ್ಲಿ ಕೆರೆದು, ಆ ಪುಡಿಯನ್ನು ಬ್ರಷ್‌ನಲ್ಲಿ ಒತ್ತುವುದು. ನಿಜವಾದ ಧೂಳು ಸುಳ್ಳಿನಂತೆ ಕಾಣುತ್ತದೆ, ಸುಳ್ಳು ಧೂಳು ನಿಜದಂತೆ. ಮನೆಯ ಧೂಳಂತೂ ಬೇಡವೇ ಬೇಡ. ಒಂದು ಎಳೆ ಹತ್ತಿ ಬಿದ್ದಿದ್ದರೂ ಫೋಟೊದಲ್ಲಿ ಹಗ್ಗ.

ಕೆಲವರು ಸಿಕ್ಕಿದ್ದಕ್ಕೆಲ್ಲ ತುಕ್ಕು ಬಳಿಯುತ್ತಾರೆ. ಓಡುವ ಚಕ್ರದ ಅಂಚಿಗೂ ತುಕ್ಕು! ದಿನಾ ಹಳಿಯ ಮೇಲೆ ಉಜ್ಜುವ ಜಾಗ ಬೆಳ್ಳಗೆ ಹೊಳೆಯಬೇಕು ಅನ್ನುವಷ್ಟೂ ಯೋಚಿಸುವುದಿಲ್ಲ. ನನಗೆ ಅದು ಸೋಮಾರಿತನ. ಕೊಳೆಗೆ ಕಾರಣ ಇರಬೇಕು ಅಂತ ನಾನು ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಮಾವ ಆ ಕಾರಣವನ್ನು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಎಳೆದರು. ಎಣ್ಣೆ ಕೆಳಕ್ಕೆ ಹರಿಯುತ್ತದೆ ಅನ್ನುವುದು ನನ್ನ ಕಾರಣ. ಅದು ಸೋರಿದಾಗ ಯಾರ ಡ್ಯೂಟಿ ಇತ್ತು ಅನ್ನುವುದು ಅವರದು.

“ಇದನ್ನ ಯಾರೂ ನೋಡೇ ಇಲ್ಲೇನು?” ನಾನು ವಾರಗಟ್ಟಲೆ ಭೂತಗನ್ನಡಿ ಹಿಡಿದು ನೋಡಿದ್ದನ್ನೇ ಕುರಿತು ಅವರು ಹಾಗೆ ಕೇಳಿದರಲ್ಲ, ಅದು ಚುಚ್ಚುತ್ತದೆ.

ರಾತ್ರಿ ಊಟದ ಹೊತ್ತಿಗೆ ಮಾತು ಅದಿರಿಗೆ ಹೊರಳಿತು. ಸಂಡೂರಿನಲ್ಲಿ ಅವರ ಬೀಗರ ಮನೆ ಇದೆ. “ಆ ಕಾಲದಾಗ ಬಿಳೀ ಪಂಚೆ ಒಣಗ ಹಾಕಿದ್ರ ಸಂಜಿಗೆ ಕೆಂಪ. ಕುಡಿಯೋ ನೀರಿನ ಮ್ಯಾಲೆ ಸೈತ ಕೆನಿ ಕಟ್ಟಿದಂಗ ಧೂಳ” ಅಂದರು. ಆ ಕಾಲ ಅಂದರೆ ಲಾರಿಗಳು ಹಗಲು ರಾತ್ರಿ ಓಡುತ್ತಿದ್ದ ಕಾಲ, 2011ರಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕುವ ಮುಂಚೆ. ನನಗೂ ನೆನಪಿದೆ. ಹೊಸಪೇಟೆಯಿಂದ ಬಳ್ಳಾರಿಗೆ ಬಸ್ಸಿನಲ್ಲಿ ಹೋಗುವಾಗ ರಸ್ತೆ ಬದಿಯ ಮರದ ಎಲೆಗಳೂ ಕೆಂಪಗಿದ್ದವು. ನಾನು ಕಿಟಕಿ ಮುಚ್ಚಿಕೊಂಡು ನೋಡಿದ್ದೆ. ಆ ಬಣ್ಣ ಎಷ್ಟು ಚೆನ್ನಾಗಿ ನೆನಪಿದೆ ಅಂದರೆ, ಲೇಔಟಿನ ಬೇವಿನ ಮರಗಳಿಗೆ ರಸ್ತೆಯ ಕಡೆಯ ಎಲೆಗಳಿಗೆ ಮಾತ್ರ ಕೆಂಪು ಪುಡಿ ಊದಿದ್ದೇನೆ. ನೋಡಿದವರೆಲ್ಲ ಆಹಾ ಅಂದಿದ್ದಾರೆ. ಅದರ ಕೆಳಗೆ ಬಟ್ಟೆ ಒಣಗಿಸುತ್ತಿದ್ದವರು ಆಹಾ ಅನ್ನುತ್ತಿರಲಿಲ್ಲ ಅಂತ ಈಗ ಹೊಳೆಯುತ್ತಿದೆ.

ಬರೀ ನನ್ನ ರೈಲಿನ ಕಥೆಯಲ್ಲ ಇದು. ಗೋಡೆ ಬಿರಿದ ಹಳೇ ಮನೆ, ಹೊಗೆ ಹಿಡಿದ ಅಡುಗೆಮನೆ, ಸುಕ್ಕುಗಟ್ಟಿದ ಕೈ, ಇವುಗಳ ಫೋಟೊ ನಮಗೆ ಎಷ್ಟು ಇಷ್ಟ! ಹೊಗೆಯಲ್ಲಿ ಕೂತು ಅಡುಗೆ ಮಾಡಿದವರು ಗ್ಯಾಸ್ ಬಂದ ದಿನ ಆ ಒಲೆಯನ್ನು ತಿರುಗಿ ನೋಡಲಿಲ್ಲ. ಕೊಳೆ ಚೆಂದ ಕಾಣಬೇಕಾದರೆ ಅದನ್ನು ತೊಳೆಯುವ ಕೆಲಸ ಬೇರೆಯವರದ್ದಾಗಿರಬೇಕು ಅನಿಸುತ್ತದೆ. ಹಾಗಂತ ಎಲ್ಲವನ್ನೂ ಪಳಪಳ ಹೊಳೆಯುವಂತೆ ಇಟ್ಟರೆ ಅದೂ ಸುಳ್ಳೇ. ಹೊಸ ಬಣ್ಣದ ಇಂಜಿನ್ನು ಷೋಕೇಸಿನಲ್ಲಿ ನಿಲ್ಲುತ್ತದೆ, ದುಡಿದಂತೆ ಕಾಣುವುದಿಲ್ಲ. ದುಡಿದದ್ದರ ಗುರುತೇ ಇಲ್ಲದಿದ್ದರೆ ಅದನ್ನು ದುಡಿಸಿದವರ ಗುರುತೂ ಇರುವುದಿಲ್ಲ. ಮಾವನಿಗೆ ಇದನ್ನು ಹೇಳಿ ನೋಡಿದೆ. ಅವರು ಮೊಸರನ್ನ ಕಲಸುತ್ತ, “ನಮ್ಮ ಗುರುತು ಅಂದ್ರ ಗಾಡಿ ನಡು ದಾರಿಯಾಗ ನಿಲ್ಲಲಿಲ್ಲ ಅನ್ನೂದು. ಅದು ಫೋಟೊದಾಗ ಬರೂದಿಲ್ಲ” ಅಂದರು. ಈ ಮನುಷ್ಯನ ಜೊತೆ ವಾದ ಮಾಡುವುದೇ ಕಷ್ಟ.

ಮಾವ ಮೊನ್ನೆ ಊರಿಗೆ ಹೋದರು. ಹೋಗುವ ಮುಂಚೆ ಒಂದು ರಾಜಿ ಆಯಿತು. ಎಣ್ಣೆಯ ಗೆರೆ ಇರುತ್ತದೆ, ಹೊಳಪಿನ ವಾರ್ನಿಷ್ ಹೋಗಬೇಕು. ಹಳೇ ಕಲೆ ಆದರೆ ಅವರಿಗೆ ಅಡ್ಡಿಯಿಲ್ಲ, “ರಿಪೇರಿ ಆಗೇತಿ, ಒರಸೂದು ಬಿಟ್ಟಾರ” ಅಂತ ಅಂದುಕೊಳ್ಳುತ್ತಾರಂತೆ. ಪ್ರೈಮರ್ ಹಚ್ಚಿಟ್ಟಿರುವ ಎರಡನೇ ಇಂಜಿನ್ನು ಆಗಷ್ಟೇ ತೊಳೆದು ಶೆಡ್ಡಿನಿಂದ ಬಿಟ್ಟಂತೆ ಇರಬೇಕು, ಬೋಗಿಗೆ ಮಾತ್ರ ಧೂಳು. ಒಪ್ಪಿದೆ. ನೀರು ಆರಿದ ಮೇಲೆ ಉಳಿಯುವ ಸಣ್ಣ ಬಿಳಿ ಗೆರೆಗಳನ್ನು ಹೇಗೆ ಮಾಡುವುದು ಅಂತ ಈಗಾಗಲೇ ಯೋಚಿಸುತ್ತಿದ್ದೇನೆ.

ವ್ಯಾಗನ್‌ಗಳ ವಿಷಯಕ್ಕೆ ಅವರು ಬಾಯಿ ಹಾಕಲೇ ಇಲ್ಲ. ಅದಿರು ತುಂಬುವ ಈ ಬಾಕ್ಸ್‌ಎನ್ ವ್ಯಾಗನ್‌ಗಳಂತೂ ಒಳಗೂ ಹೊರಗೂ ಅದಿರು ಮೆತ್ತಿಕೊಂಡು, ಮೂಲ ಬಣ್ಣ ಯಾವುದು ಅಂತಲೂ ಗೊತ್ತಾಗದ ಹಾಗಿವೆ. ಬಸ್ಸು ಹತ್ತಿಸುವಾಗ ಕೇಳಿಯೇ ಬಿಟ್ಟೆ, “ಮಾವ, ಅವು ಇನ್ನೂ ಗಲೀಜಾಗಿದಾವಲ್ಲ, ಅದಕ್ಕೇನೂ ಅನ್ನಲಿಲ್ಲ?”

“ಅದು ಸಿ ಅಂಡ್ ಡಬ್ಲ್ಯು, ಕ್ಯಾರೇಜ್ ಅಂಡ್ ವ್ಯಾಗನ್ ಮಂದಿ ಕೆಲಸ ಅಳಿಯಂದ್ರ” ಅಂದರು. “ನಮಗೇನು ಸಂಬಂಧ?”