ಹೊಸ ವರ್ಷದ ಮೊದಲ ಒಗೆತ

ಜನವರಿ 1ರ ಬೆಳಿಗ್ಗೆ ಬಳ್ಳಾರಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಬಟ್ಟೆ ಹರವುತ್ತಿದ್ದಾಗ, ಬಿಳಿ ಅಂಗಿಗಳೆಲ್ಲ ಬೂದುಬಣ್ಣಕ್ಕೆ ತಿರುಗಿರುವುದು ಕಣ್ಣಿಗೆ ಬಿತ್ತು. ಇಷ್ಟು ವರ್ಷ ಸಾಬೂನನ್ನೇ ದೂರುತ್ತಿದ್ದೆ. ಆದರೆ ತಪ್ಪು ನೀರಿನದು: ನಮ್ಮ ಕೊಳವೆಬಾವಿಯ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸಾಬೂನಿನೊಂದಿಗೆ ಸೇರಿ ಕರಗದ ಕಿಟ್ಟವಾಗಿ ನೂಲಿನ ಎಳೆಗಳಲ್ಲಿ ಕೂರುವುದರಿಂದ, ಸಾಬೂನು ಹೆಚ್ಚು ಉಜ್ಜಿದಷ್ಟೂ ಬಟ್ಟೆ ಮಂಕಾಗುತ್ತದೆ. ಆದ್ದರಿಂದ ಈ ವರ್ಷ ಬಿಳಿ ಬಟ್ಟೆಗಳನ್ನು ನಲ್ಲಿಯಲ್ಲಿ ತುಂಗಭದ್ರೆಯ ನೀರು ಬಂದ ದಿನವೇ ಒಗೆಯುವುದೆಂದು ತೀರ್ಮಾನಿಸಿದ್ದೇನೆ. ಜೀನ್ಸ್ ಹೊಲಿಯುವ ಊರಿನವನಾಗಿದ್ದೂ, ಅದನ್ನು ಒಳಮೈ ಹೊರಗೆ ಮಾಡಿ ನೆರಳಿನಲ್ಲಿ ಒಣಗಿಸಿದರೆ ಬಣ್ಣ ಉಳಿಯುತ್ತದೆಂದು ಕಲಿಯಲು ನನಗೆ ಇಷ್ಟು ದಿನ ಬೇಕಾಯಿತು! ಮಳೆನೀರಿಗೆ ಅರ್ಧ ಸಾಬೂನು ಸಾಕೆಂದು ತಾನು ಹಿಂದೆಯೇ ಹೇಳಿದ್ದನ್ನು ನೆನಪಿಸಿದ ಅಮ್ಮ, ನನ್ನ ಕೈಗೆ ಇನ್ನೊಂದು ಬಕೆಟ್ ಕೊಟ್ಟಳು.